ದನಿ ಕಳೆದುಕೊಂಡ ಊರು: 'ಹಶ್' ಸಂಚಿಕೆಯ ಒಂದು ಓದು

ಕೂಗಳತೆ ಎಂಬುದು ಕನ್ನಡದ ಹಳೆಯ ಅಳತೆಗಳಲ್ಲೊಂದು. ಗೇಣು, ಮೊಳ, ಮಾರುಗಳು ಕೈಯಿಂದ ಹುಟ್ಟಿದ ಅಳತೆಗಳಾದರೆ ಇದು ಗಂಟಲಿನಿಂದ ಹುಟ್ಟಿದುದು. ಒಬ್ಬನ ಕೂಗು ಇನ್ನೊಬ್ಬನ ಕಿವಿಗೆ ಬೀಳುವಷ್ಟು ದೂರ. ಆ ದೂರದೊಳಗೆ ಇರುವವರೇ ನೆರೆಹೊರೆಯವರು. ಗುಡ್ಡದ ಮೇಲಿನ ಒಂಟಿಮನೆಯನ್ನು ಕುರಿತು 'ಕೂಗಿದರೆ ಓಗೊಡುವವರಿಲ್ಲ' ಎಂದು ಹಿರಿಯರು ಹೇಳುವಾಗ ಮನೆಯ ನೆಲೆಗಿಂತ ಹೆಚ್ಚಾಗಿ ಅಲ್ಲಿ ಬಾಳುವವರ ಭಯವನ್ನು ಹೇಳುತ್ತಿರುತ್ತಾರೆ. ಈ ಅಳತೆ ಒಂದೇ ರಾತ್ರಿಯಲ್ಲಿ ಸೊನ್ನೆಗೆ ಇಳಿದರೆ ಊರೊಂದರ ಗತಿಯೇನು? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ ಕೃತಿಯೊಂದು ಯಾರೂ ನಿರೀಕ್ಷಿಸದ ಕಡೆಯಲ್ಲಿ, ಅಂದರೆ ಅಮೆರಿಕದ ತರುಣ ಪ್ರೇಕ್ಷಕರಿಗಾಗಿ ತಯಾರಾದ ದೆವ್ವಪಿಶಾಚಿಗಳ ಧಾರಾವಾಹಿಯೊಂದರಲ್ಲಿ ದೊರೆಯುತ್ತದೆ.

'ಬಫಿ ದಿ ವ್ಯಾಂಪೈರ್ ಸ್ಲೇಯರ್' 1997ರಿಂದ 2003ರವರೆಗೆ ಏಳು ಸೀಸನ್‌ಗಳಲ್ಲಿ, 144 ಸಂಚಿಕೆಗಳಲ್ಲಿ ಪ್ರಸಾರವಾದ ಧಾರಾವಾಹಿ. ಕ್ಯಾಲಿಫೋರ್ನಿಯಾದ ಸನ್ನಿಡೇಲ್ ಎಂಬ ಕಲ್ಪಿತ ಊರು, ಅಲ್ಲಿ ರಕ್ತಪಿಪಾಸು ಪ್ರೇತಗಳನ್ನು ಸಂಹರಿಸುವ ಹೊಣೆ ಹೊತ್ತ ಬಫಿ ಎಂಬ ಹುಡುಗಿ, ಅವಳ ಗೆಳೆಯರ ಒಂದು ಸಣ್ಣ ಗುಂಪು. ಹೆಸರನ್ನು ಕೇಳಿದೊಡನೆ ಮೂಗು ಮುರಿಯುವವರುಂಟು. ಅದಕ್ಕೆ ಕಾರಣವೂ ಉಂಟು, ಏಕೆಂದರೆ ಈ 144ರಲ್ಲಿ ಸಾಧಾರಣವಾದವು ಹಲವು. ಆದರೆ 1999ರ ಡಿಸೆಂಬರ್ 14ರಂದು ಪ್ರಸಾರವಾದ, ನಾಲ್ಕನೆಯ ಸೀಸನ್‌ನ ಹತ್ತನೆಯ ಸಂಚಿಕೆ 'ಹಶ್' ಆ ಸಾಲಿಗೆ ಸೇರಿದ್ದಲ್ಲ. ಧಾರಾವಾಹಿಯ ಸೃಷ್ಟಿಕರ್ತ ಜಾಸ್ ವೀಡನ್ ಅದನ್ನು ತಾನೇ ಬರೆದು ನಿರ್ದೇಶಿಸಿದ. ಧಾರಾವಾಹಿಯ ಹೆಚ್ಚುಗಾರಿಕೆಯೆಲ್ಲ ಅದರ ಚುರುಕು ಸಂಭಾಷಣೆಯಲ್ಲಿದೆ ಎಂದು ವಿಮರ್ಶಕರು ಹೊಗಳುತ್ತಿದ್ದ ಕಾಲವದು. ಆ ಸಂಭಾಷಣೆಯನ್ನೇ ಕಿತ್ತುಹಾಕಿದರೆ ಏನು ಉಳಿದೀತು ಎಂಬ ಸವಾಲನ್ನು ಆತ ತನಗೆ ತಾನೇ ಒಡ್ಡಿಕೊಂಡ. ಸಂಚಿಕೆಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಒಂದು ಮಾತೂ ಇಲ್ಲ. ಇಂಥ ಬರೆಹಕ್ಕೆ, ಮಾತಿಲ್ಲದ ಬರೆಹಕ್ಕೆ, ಮರುವರ್ಷ ನಾಟಕೀಯ ಧಾರಾವಾಹಿಗಳ ಲೇಖನ ವಿಭಾಗದಲ್ಲಿ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನ ದೊರೆಯಿತು. ಲೇಖನಕ್ಕಾಗಿ ಈ ಧಾರಾವಾಹಿಗೆ ದೊರೆತ ಅಂಥ ನಾಮನಿರ್ದೇಶನ ಅದೊಂದೇ.

ಕತೆ ಸರಳ, ಅಜ್ಜಿಕತೆಯಷ್ಟೇ ಸರಳ. ಒಂದು ರಾತ್ರಿ ಊರಿನವರೆಲ್ಲ ನಿದ್ರಿಸುತ್ತಿರುವಾಗ ಅವರ ಬಾಯಿಗಳಿಂದ ದನಿಯು ಹಬೆಯಂತೆ ಹೊರಟು ಗಡಿಯಾರ ಗೋಪುರವೊಂದರಲ್ಲಿರುವ ಪೆಟ್ಟಿಗೆಯೊಳಗೆ ಸೇರಿಬಿಡುತ್ತದೆ. ಬೆಳಗಾದಾಗ ಯಾರಿಗೂ ದನಿಯಿಲ್ಲ. ಕದ್ದವರು ಕಪ್ಪು ಸೂಟು ತೊಟ್ಟ, ನೆಲಕ್ಕೆ ಕಾಲು ತಾಗಿಸದೆ ತೇಲುವ, ಲೋಹದ ಹಲ್ಲುಗಳನ್ನು ತೋರಿಸುತ್ತ ಸದಾ ನಗುವ ಪಿಶಾಚಿಗಳು. ಅವರ ಹೆಸರು 'ಜಂಟಲ್‌ಮೆನ್', ಕನ್ನಡದಲ್ಲಿ ಹೇಳುವುದಾದರೆ 'ಮಹನೀಯರು'. ಅವರಿಗೆ ಏಳು ಮನುಷ್ಯರ ಹೃದಯಗಳು ಬೇಕು. ಹಿಂದೊಮ್ಮೆ ರಾಜಕುಮಾರಿಯೊಬ್ಬಳು ಚೀರಿದಾಗ ಆ ಚೀತ್ಕಾರವನ್ನು ತಾಳಲಾರದೆ ಅವರು ಸತ್ತಿದ್ದರಂತೆ. ಆದುದರಿಂದಲೇ ಈ ಮುಂಜಾಗ್ರತೆ: ಮೊದಲು ದನಿಯನ್ನು ಕದಿಯುವುದು, ಆಮೇಲೆ ಎದೆಯನ್ನು ಬಗೆಯುವುದು.

ಈ ಸಂಚಿಕೆಯನ್ನು ಕುರಿತು ಸಾಮಾನ್ಯವಾಗಿ ಪ್ರಚಲಿತವಿರುವ ಅಭಿಪ್ರಾಯವೊಂದುಂಟು. ಮಾತು ನಿಂತಾಗಲೇ ನಿಜವಾದ ಸಂವಹನ ಆರಂಭವಾಗುತ್ತದೆ ಎಂಬುದೇ ಇದರ ತಿರುಳು ಎಂದು ಅದು ಸಾರುತ್ತದೆ. ವೀಡನ್ ಸಹ ಇದೇ ಆಶಯವನ್ನು ವ್ಯಕ್ತಪಡಿಸಿದ್ದಾನೆ. ಸಂಚಿಕೆಯ ಮೊದಲ ದೃಶ್ಯದಲ್ಲಿಯೇ ಮನಶ್ಶಾಸ್ತ್ರದ ಪ್ರಾಧ್ಯಾಪಿಕೆ ಮ್ಯಾಗಿ ವಾಲ್ಶ್ ತುಂಬಿದ ತರಗತಿಗೆ ಭಾಷೆ ಬೇರೆ, ಸಂವಹನ ಬೇರೆ ಎಂದು ಬೋಧಿಸುತ್ತಿರುತ್ತಾಳೆ. ಆ ತರಗತಿ ಬಫಿಯ ಕನಸಾಗಿ ಮಾರ್ಪಟ್ಟು, ಕೈಯಲ್ಲಿ ಪೆಟ್ಟಿಗೆ ಹಿಡಿದು ಹಾಡುವ ಪುಟ್ಟ ಹುಡುಗಿಯೊಬ್ಬಳ ಬಳಿಗೆ ಅವಳನ್ನು ಒಯ್ಯುತ್ತದೆ. ಕತೆಯ ಹೆಣಿಗೆಯೂ ಈ ಸೂತ್ರವನ್ನೇ ಸಮರ್ಥಿಸುವಂತೆ ಕಾಣುತ್ತದೆ. ಬಫಿ ಮತ್ತು ರೈಲಿ ಪರಸ್ಪರ ಒಲಿದವರು. ಆದರೆ ಇಬ್ಬರೂ ತಮ್ಮ ತಮ್ಮ ಗುಟ್ಟನ್ನು ಮುಚ್ಚಿಡಲು ಎಡೆಬಿಡದೆ ಏನೇನೋ ಮಾತನಾಡುತ್ತಾರೆ, ಆ ಮಾತಿನ ಗದ್ದಲದಲ್ಲಿ ಒಂದು ಮುತ್ತಿಗೂ ಬಿಡುವಿಲ್ಲ. ದನಿ ಹೋದ ಮೇಲೆ ಗೊಂದಲ ತುಂಬಿದ ಬೀದಿಯಲ್ಲಿ ಎದುರಾದಾಗ ಅವರು ತಡವರಿಸುವುದಿಲ್ಲ. ಝಾಂಡರನಿಗೆ ತನ್ನ ಮೇಲೆ ಪ್ರೀತಿಯಿದೆಯೇ ಎಂದು ಆನ್ಯಾ ಪೀಡಿಸಿ ಕೇಳಿದಾಗ ಅವನ ಬಾಯಿಂದ ಉತ್ತರ ಹೊರಡುವುದಿಲ್ಲ; ಅವಳಿಗೆ ಅಪಾಯವಾಯಿತೆಂದು ತಪ್ಪಾಗಿ ತಿಳಿದು ಸ್ಪೈಕ್ ಎಂಬ ರಕ್ತಪಿಪಾಸುವಿನ ಮೇಲೆ ಅವನು ಎರಗಿದಾಗ ಉತ್ತರ ತಾನಾಗಿಯೇ ಸಿಗುತ್ತದೆ. ಇಂಗ್ಲೆಂಡಿನಿಂದ ಬಂದ ಒಲಿವಿಯಾಳಿಗೆ ಜೈಲ್ಸ್ ಎಷ್ಟೋ ಸಲ ಮಾಟಮಂತ್ರ, ಕತ್ತಲ ಲೋಕದ ವಿಚಾರ ಹೇಳಿದ್ದ, ಅವಳು ಅದನ್ನು ಬರಿಯ ಬಡಾಯಿ ಎಂದು ಬಗೆದಿದ್ದಳು. ಕಿಟಕಿಯಾಚೆ ತೇಲಿಹೋದ ಒಂದು ಮುಖವನ್ನು ನೋಡಿದೊಡನೆ ಎಲ್ಲವನ್ನೂ ನಂಬಿದಳು.

ಇಷ್ಟನ್ನೇ ನೋಡಿದರೆ ಮೌನವೇ ಬಂಗಾರ ಎಂಬ ಹಳೆಯ ಮಾತಿಗೆ ಹೊಸ ನಿದರ್ಶನ ಸಿಕ್ಕಿತೆಂದು ತೃಪ್ತಿಪಡಬಹುದು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗಂತೂ ಈ ಓದು ಬಹುಬೇಗ ಒಗ್ಗಿಬಿಡುತ್ತದೆ, ಏಕೆಂದರೆ ಕಾವ್ಯಮೀಮಾಂಸೆಯ ಪತ್ರಿಕೆಯಲ್ಲಿ ಧ್ವನಿಸಿದ್ಧಾಂತವಿದೆ. ವಾಚ್ಯವು ಹಿಂದೆ ಸರಿದು ವ್ಯಂಗ್ಯವು ಮುಂದೆ ಬಂದು ನಿಲ್ಲುವುದೇ ಉತ್ತಮ ಕಾವ್ಯ. ಇಲ್ಲಿ ವಾಚ್ಯ ಪೂರ್ತಿ ಹಿಂದೆ ಸರಿದಿದೆ. ಹಾಡಿನ ನಾದಕ್ಕೂ ದೇಹದ ಚೇಷ್ಟೆಗೂ ವ್ಯಂಜಕತ್ವ ಉಂಟೆಂದು ಆನಂದವರ್ಧನನೇ ಒಪ್ಪಿದ್ದಾನೆ. 'ಧ್ವನಿ'ಯ ತದ್ಭವ 'ದನಿ' ಎಂಬುದನ್ನು ನೆನೆದರೆ, ಸನ್ನಿಡೇಲ್ ದನಿಯನ್ನು ಕಳೆದುಕೊಂಡು ಧ್ವನಿಯನ್ನು ಗಳಿಸಿತು ಎಂಬ ಚಮತ್ಕಾರದ ವಾಕ್ಯವೊಂದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಿಟ್ಟಿಸಬಹುದು.

ಆದರೆ ಸಂಚಿಕೆಯನ್ನು ಎರಡನೆಯ ಸಲ ನೋಡಿದವರಿಗೆ ಈ ಚಮತ್ಕಾರ ಸಾಲದೆನಿಸುತ್ತದೆ. ಅಲ್ಲಿ ಒಂದು ಸಾವಿನ ದೃಶ್ಯವಿದೆ. ವಿದ್ಯಾರ್ಥಿನಿಲಯದ ಕೋಣೆಯೊಂದರ ಬಾಗಿಲನ್ನು ಯಾರೋ ತಟ್ಟುತ್ತಾರೆ. ಹುಡುಗ ಬಾಗಿಲು ತೆರೆಯುತ್ತಾನೆ. ಮಹನೀಯರ ಸೇವಕರು ಅವನನ್ನು ಹಾಸಿಗೆಗೆ ಒತ್ತಿಹಿಡಿಯುತ್ತಾರೆ. ಮಹನೀಯನು ಶಸ್ತ್ರಚಿಕಿತ್ಸೆಯ ಕತ್ತಿಯನ್ನು ಹೊರತೆಗೆಯುತ್ತಾನೆ. ಹುಡುಗ ಬಾಯಿ ತೆರೆದು ಚೀರುತ್ತಾನೆ, ಕೊರಳ ನರಗಳು ಉಬ್ಬುತ್ತವೆ, ಸದ್ದು ಮಾತ್ರ ಬರುವುದಿಲ್ಲ. ಅಕ್ಕಪಕ್ಕದ ಕೋಣೆಗಳಲ್ಲಿ ಜನರಿದ್ದಾರೆ, ಗೋಡೆಯೊಂದರ ಅಂತರದಲ್ಲಿ ಸಹಪಾಠಿಗಳು ಮಲಗಿದ್ದಾರೆ. ಯಾರಿಗೂ ತಿಳಿಯುವುದಿಲ್ಲ. ಈ ದೃಶ್ಯವನ್ನು ನೋಡಿದ ಮೇಲೂ ಮಾತು ನಿಂತಾಗ ಸಂವಹನ ಆರಂಭವಾಗುತ್ತದೆ ಎಂದು ಹೇಳಲು ಗಟ್ಟಿ ಮನಸ್ಸು ಬೇಕು. ಪ್ರೇಮಿಗಳಿಗೆ ಮೌನ ಒದಗಿತು ನಿಜ, ಅವರು ಎದುರೆದುರು ನಿಂತಿದ್ದರು. ಗೋಡೆಯಾಚೆಗೆ ಇರುವವನಿಗೆ ಮೌನದಿಂದ ಏನು ಪ್ರಯೋಜನ?

ಇಲ್ಲಿಯೇ ಪ್ರಚಲಿತ ಅಭಿಪ್ರಾಯದ ದೋಷ ಕಾಣುತ್ತದೆ. ಅದು ದನಿಯನ್ನೂ ಭಾಷೆಯನ್ನೂ ಒಂದೇ ಎಂದು ಭಾವಿಸಿದೆ. ಮಹನೀಯರು ಕದ್ದದ್ದು ದನಿಯನ್ನು. ಭಾಷೆ ಊರಿನಲ್ಲಿಯೇ ಉಳಿಯಿತು. ದನಿ ಹೋದ ದಿನವೇ ಒಬ್ಬ ಚತುರ ವ್ಯಾಪಾರಿ ಬೀದಿಯಲ್ಲಿ ನಿಂತು ಬರೆಯುವ ಹಲಗೆಗಳನ್ನು ಮಾರತೊಡಗುತ್ತಾನೆ (ಆಪತ್ತಿನಲ್ಲಿ ಮೊದಲು ತೆರೆಯುವುದು ಅಂಗಡಿ ಎಂಬುದನ್ನು ಈ ಸಂಚಿಕೆ ಮರೆತಿಲ್ಲ). ಬಫಿ, ವಿಲೋ ಇಬ್ಬರೂ ಕೊರಳಿಗೆ ಹಲಗೆ ನೇತುಹಾಕಿಕೊಂಡು ಓಡಾಡುತ್ತಾರೆ. ಜೈಲ್ಸ್ ತರಗತಿಯ ಕೋಣೆಯಲ್ಲಿ ಪ್ರೊಜೆಕ್ಟರ್ ಇಟ್ಟು, ಸ್ಯಾಂ-ಸಾನ್ಸ್‌ನ 'ಡಾನ್ಸ್ ಮಕಾಬರ್' ಸಂಗೀತವನ್ನು ಹಿನ್ನೆಲೆಗೆ ಹಾಕಿ, ಚಿತ್ರ ಮತ್ತು ಬರೆಹಗಳ ಮೂಲಕ ಒಂದು ಪೂರ್ಣ ಉಪನ್ಯಾಸವನ್ನೇ ನೀಡುತ್ತಾನೆ. ಸಂಚಿಕೆಯ ಅತ್ಯಂತ ನಗೆ ತರಿಸುವ ಭಾಗ ಅದು. ತನ್ನ ಸೊಂಟವನ್ನು ಅಷ್ಟು ಅಗಲವಾಗಿ ಬರೆದದ್ದೇಕೆ ಎಂಬಂತೆ ಬಫಿ ಮುಖ ಗಂಟಿಕ್ಕುವುದೂ ಅಲ್ಲಿ ನಡೆಯುತ್ತದೆ. ಹೀಗೆ ವಾದಿಸಲು, ವಿವರಿಸಲು, ಹಾಸ್ಯ ಮಾಡಲು, ಮುನಿಸಿಕೊಳ್ಳಲು ಬೇಕಾದ ಭಾಷೆ ಅವರ ಬಳಿ ಇದೆ. ಇಲ್ಲದಿರುವುದು ಒಂದೇ: ಕತ್ತಲಲ್ಲಿ ಇರುವವನನ್ನು, ಕಾಣದವನನ್ನು, ಬೆನ್ನು ತಿರುಗಿಸಿದವನನ್ನು ಕರೆಯುವ ಶಕ್ತಿ. ಹಲಗೆಯನ್ನು ಓದಬೇಕಾದರೆ ಓದುವವನು ಈಗಾಗಲೇ ಇತ್ತ ತಿರುಗಿರಬೇಕು. ಕೂಗಿಗೆ ಆ ಹಂಗಿಲ್ಲ. ತಿರುಗದವನನ್ನು ತಿರುಗಿಸುವುದೇ ಅದರ ಕೆಲಸ.

ಟಾರಾ ಎಂಬ ಹುಡುಗಿಯ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಧಾರಾವಾಹಿಯಲ್ಲಿ ಅವಳು ಮೊದಲು ಕಾಣಿಸಿಕೊಳ್ಳುವುದು ಇದೇ ಸಂಚಿಕೆಯಲ್ಲಿ. ಮಾಟ ಕಲಿಯುವ ಹುಡುಗಿಯರ ಸಂಘವೊಂದರ ಸಭೆ ನಡೆದಿದೆ. ಮಾತೆಲ್ಲ ತಿಂಡಿ ಮಾರಿ ಹಣ ಕೂಡಿಸುವುದರ ಬಗ್ಗೆ, ಮಾಟದ ಸುದ್ದಿಯೇ ಇಲ್ಲ. ವಿಲೋ ಮಂತ್ರದ ಮಾತೆತ್ತಿದರೆ ಉಳಿದವರು ನಗೆಯಾಡುತ್ತಾರೆ. ಮೂಲೆಯಲ್ಲಿ ಕುಳಿತ ಟಾರಾ ಅವಳ ಪರವಾಗಿ ಏನೋ ಹೇಳಲು ಹೊರಡುತ್ತಾಳೆ, ಎಲ್ಲರ ಕಣ್ಣು ತನ್ನತ್ತ ತಿರುಗಿದೊಡನೆ ತೊದಲಿ ಸುಮ್ಮನಾಗುತ್ತಾಳೆ. ದನಿ ಕದಿಯುವ ಮೊದಲೇ ದನಿ ಕಳೆದುಕೊಂಡವಳು ಅವಳು. ವಾಚಾಳಿಗಳ ಸಭೆಯಲ್ಲಿ ಮಾತಿಗೆ ಅವಕಾಶ ಎಲ್ಲರಿಗೂ ಇರುತ್ತದೆ, ಎಲ್ಲರಿಗೂ ಸಿಗುವುದಿಲ್ಲ. ಆಮೇಲೆ ಊರಿಗೇ ಮೂಕತನ ಬಂದ ರಾತ್ರಿ ಅವಳು ಮಂತ್ರದ ಪುಸ್ತಕಗಳನ್ನು ಎತ್ತಿಕೊಂಡು ವಿಲೋಳನ್ನು ಹುಡುಕಿ ಹೊರಡುತ್ತಾಳೆ. ಮಹನೀಯರು ಬೆನ್ನಟ್ಟುತ್ತಾರೆ. ವಿದ್ಯಾರ್ಥಿನಿಲಯದ ಬಾಗಿಲುಗಳನ್ನು ಒಂದೊಂದಾಗಿ ಬಡಿಯುತ್ತಾಳೆ. ಒಳಗಿರುವವರಿಗೆ ಹೊರಗೆ ತಟ್ಟುತ್ತಿರುವವರು ಯಾರೆಂದು ಗೊತ್ತಾಗುವ ಬಗೆಯೇ ಇಲ್ಲ. ತಟ್ಟಿದ ಕೈ ಪಿಶಾಚಿಯದೋ ಹುಡುಗಿಯದೋ? ಒಂದು ಕೂಗು ಇದ್ದಿದ್ದರೆ ಬಾಗಿಲು ತೆರೆಯುತ್ತಿತ್ತು. ಹೆದರಿದವರು ತೆರೆಯಲಿಲ್ಲ ಎಂದು ಅವರನ್ನು ನಿಂದಿಸಲೂ ಆಗದು.

ಮುಂದಿನ ದೃಶ್ಯ ಸಂಚಿಕೆಯ ಜೀವಾಳ. ಟಾರಾ ಮತ್ತು ವಿಲೋ ಬಟ್ಟೆ ಒಗೆಯುವ ಕೋಣೆಯೊಂದರಲ್ಲಿ ಸೇರಿ ಬಾಗಿಲು ಹಾಕುತ್ತಾರೆ. ಪಾನೀಯ ಮಾರುವ ದೊಡ್ಡ ಯಂತ್ರವನ್ನು ಬಾಗಿಲಿಗೆ ಅಡ್ಡವಿಡಬೇಕು, ದೂಡಲು ಬಲವಿಲ್ಲ. ವಿಲೋ ಕಣ್ಣಿಟ್ಟು ಮನೋಬಲದಿಂದ ಅದನ್ನು ಸರಿಸಲೆತ್ನಿಸಿ ಸೋಲುತ್ತಾಳೆ. ಟಾರಾ ನೋಡುತ್ತಾಳೆ, ಮೆಲ್ಲನೆ ಅವಳ ಕೈಹಿಡಿಯುತ್ತಾಳೆ. ಬೆರಳುಗಳು ಹೆಣೆದುಕೊಳ್ಳುತ್ತವೆ. ಇಬ್ಬರೂ ಒಮ್ಮೆಗೇ ಮುಖ ತಿರುಗಿಸುತ್ತಾರೆ, ಯಂತ್ರ ಹಾರಿಬಂದು ಬಾಗಿಲಿಗೆ ಅಪ್ಪಳಿಸುತ್ತದೆ. ಆ ಸಭೆಯಲ್ಲಿ ಪೂರ್ಣಗೊಳ್ಳದ ವಾಕ್ಯ ಇಲ್ಲಿ ಪೂರ್ಣಗೊಂಡಿತು ಎನ್ನಬಹುದು. ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ಅಭಿನಯವನ್ನು ನಾಲ್ಕಾಗಿ ವಿಂಗಡಿಸುವಾಗ ಸಾತ್ವಿಕವನ್ನು ತಿಳಿಯಹೇಳಲು ಅಧ್ಯಾಪಕರು ಕಷ್ಟಪಡುತ್ತಾರೆ. ಈ ಮೂವತ್ತು ಕ್ಷಣಗಳನ್ನು ತೋರಿಸಿದರೆ ಅರ್ಧ ಕಷ್ಟ ಕಳೆದೀತು.

ಕಾಸರಗೋಡಿನ ವಿದ್ಯಾರ್ಥಿಗಂತೂ ಈ ನಾಲ್ಕು ಅಭಿನಯಗಳು ಪುಸ್ತಕದ ಪಟ್ಟಿಯಲ್ಲ. ಒಂದು ಕಡೆ ಕಥಕಳಿ ಇದೆ: ವೇಷಧಾರಿ ಬಾಯಿ ತೆರೆಯುವುದಿಲ್ಲ, ಹಾಡು ಹಿಂದಿನಿಂದ ಬರುತ್ತದೆ, ಕತೆಯನ್ನು ಕೈಬೆರಳು ಮತ್ತು ಕಣ್ಣುಗಳು ಹೇಳುತ್ತವೆ. ಇನ್ನೊಂದು ಕಡೆ ತಾಳಮದ್ದಳೆ: ವೇಷವಿಲ್ಲ, ಕುಣಿತವಿಲ್ಲ, ಬಿಳಿಯ ಅಂಗಿ ತೊಟ್ಟು ಕುಳಿತವನು ಬರಿಯ ಮಾತಿನಿಂದ ಕೌರವನ ಸಭೆಯನ್ನು ಕಟ್ಟಿ ನಿಲ್ಲಿಸುತ್ತಾನೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವನಿಗೆ ಮಾತು ಹೆಚ್ಚೋ ಮೌನ ಹೆಚ್ಚೋ ಎಂಬ ಚರ್ಚೆ ಮಕ್ಕಳಾಟದಂತೆ ಕಾಣಬೇಕು. ಎರಡನ್ನೂ ಒಂದೇ ವಾರದಲ್ಲಿ ನೋಡಬಲ್ಲವನು ಅವನು. ಇನ್ನೂ ಗಮನಿಸಬೇಕಾದದ್ದು ಭೂತಕೋಲ ಮತ್ತು ತೆಯ್ಯಂಗಳು. ಅಲ್ಲಿ ದೈವ ಬರುವುದೇ ನುಡಿಯುವುದಕ್ಕಾಗಿ. ಕುಣಿತ, ಮುಖವರ್ಣಿಕೆ, ಅಣಿ ಇವೆಲ್ಲ ಆದ ಮೇಲೆ ಜನ ಕಾಯುವುದು ನುಡಿಗೆ. ಹೆಸರು ಹಿಡಿದು ಕರೆದು, ದೂರು ಕೇಳಿ, ಅಭಯ ಕೊಡುವ ಆ ಮಾತಿಗೆ. ಅತಿಮಾನುಷ ಶಕ್ತಿ ಮನುಷ್ಯನ ಎದುರು ನಿಂತು ಮಾತನಾಡುತ್ತದೆ, ಮನುಷ್ಯನೂ ಅದರೊಡನೆ ವಾದ ಹೂಡಬಹುದು. ವೀಡನ್‌ನ ಮಹನೀಯರು ಇದಕ್ಕೆ ಪೂರ್ತಿ ವಿರುದ್ಧ. ಅವರು ಒಬ್ಬರಿಗೊಬ್ಬರು ತಲೆಬಾಗುತ್ತಾರೆ, ಹೊಸದೊಂದು ಹೃದಯ ಬಂದಾಗ ಮೃದುವಾಗಿ ಚಪ್ಪಾಳೆ ತಟ್ಟುತ್ತಾರೆ, ಯಾರೊಡನೆಯೂ ಒಂದು ಮಾತಾಡುವುದಿಲ್ಲ. ಕೊಲ್ಲಬೇಕಾದವನೊಡನೆ ಮಾತಾಡಬಾರದೆಂಬುದು ಸಭ್ಯರ ಹಳೆಯ ನಿಯಮವಿರಬೇಕು. ಕೋರೆಹಲ್ಲು, ಕೆದರಿದ ಕೂದಲಿನ ಪಿಶಾಚಿಗಳಿಗಿಂತ ಈ ಶಿಷ್ಟಾಚಾರದ ಪಿಶಾಚಿಗಳು ಹೆಚ್ಚು ಭಯ ಹುಟ್ಟಿಸುವುದಕ್ಕೆ ಕಾರಣ ಇದೇ.

ಸಂಚಿಕೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಒಂದು ಕೊರತೆಯಂತೂ ದೊಡ್ಡದು. ಊರಿಗೆ ಊರೇ ಮೂಕವಾದಾಗ ಅತ್ಯಂತ ಸಮರ್ಥವಾಗಿ ಬದುಕಬಲ್ಲವರು ಹುಟ್ಟಿನಿಂದ ಸನ್ನೆಭಾಷೆಯಲ್ಲಿ ಬಾಳಿದವರು. ಸನ್ನೆಭಾಷೆ ಎಂಬುದು ಕೈಬೀಸಾಟವಲ್ಲ; ಅದಕ್ಕೆ ತನ್ನದೇ ವ್ಯಾಕರಣವಿದೆ, ಹಾಸ್ಯವಿದೆ, ಕಾವ್ಯವಿದೆ. ಸನ್ನಿಡೇಲಿನಂಥ ವಿಶ್ವವಿದ್ಯಾನಿಲಯದ ಊರಿನಲ್ಲಿ ಅಂಥ ಒಬ್ಬನೂ ಇರಲಿಲ್ಲವೇ? ದನಿಯಿಲ್ಲದವರ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಲೇಖಕನ ಕಣ್ಣಿಗೆ ನಿಜವಾಗಿಯೂ ದನಿಯಿಲ್ಲದೆ ಬಾಳುವವರು ಬೀಳಲಿಲ್ಲ. ಒಲಿವಿಯಾಳ ಪಾತ್ರವೂ ತೆಳುವಾಗಿಯೇ ಉಳಿಯಿತು. ಹೆದರುವುದಕ್ಕೆಂದು ಬಂದು, ಹೆದರಿ, ಬದಿಗೆ ಸರಿದಳು.

ಆದರೆ ಸಣ್ಣದೊಂದು ನಗೆಯ ಪ್ರಸಂಗ ಈ ಕೊರತೆಗಳನ್ನು ಮರೆಸುವಷ್ಟು ಅರ್ಥವತ್ತಾಗಿದೆ. ರೈಲಿ ಗುಪ್ತ ಸೈನಿಕ ಪಡೆಯೊಂದಕ್ಕೆ ಸೇರಿದವನು. ನೆಲದಡಿಯ ಪ್ರಯೋಗಾಲಯಕ್ಕೆ ಇಳಿಯುವ ಲಿಫ್ಟ್ ಹತ್ತಿದವನು ತನ್ನ ದನಿಯಿಂದ ಗುರುತು ಹೇಳಬೇಕು. ಹೇಳದಿದ್ದರೆ ಶತ್ರುವೆಂದು ಬಗೆದು ಯಂತ್ರವೇ ದಂಡಿಸುತ್ತದೆ. ದನಿ ಹೋದ ದಿನ ಅಭ್ಯಾಸಬಲದಿಂದ ರೈಲಿ ಮತ್ತು ಅವನ ಗೆಳೆಯ ಅದರೊಳಗೆ ಹೊಕ್ಕುಬಿಡುತ್ತಾರೆ. ಹೆಸರು ಹೇಳು ಎಂದು ಯಂತ್ರ ಕೇಳುತ್ತದೆ, ಕ್ಷಣಗಣನೆ ನಡೆಯುತ್ತದೆ, ಇಬ್ಬರೂ ಬಾಯಿಬಡಿದುಕೊಳ್ಳುತ್ತಾರೆ, ಸದ್ದಿಲ್ಲ. ಕೊನೆಗಳಿಗೆಯಲ್ಲಿ ಬಾಗಿಲು ತೆರೆದ ಮ್ಯಾಗಿ ವಾಲ್ಶ್ ಗೋಡೆಯ ಮೇಲಿನ ಫಲಕವನ್ನು ಬೆರಳಿಟ್ಟು ತೋರಿಸುತ್ತಾಳೆ: ತುರ್ತು ಸಂದರ್ಭದಲ್ಲಿ ಮೆಟ್ಟಿಲು ಬಳಸಿರಿ. ಗಡಿನಾಡಿನ ಓದುಗನಿಗೆ ಈ ಲಿಫ್ಟ್ ಅಪರಿಚಿತವೆನಿಸದು. ತನ್ನದೇ ಊರಿನ ಕಛೇರಿಯಲ್ಲಿ ತನಗೆ ಓದಲು ಬಾರದ ಅರ್ಜಿ ನಮೂನೆಯ ಮುಂದೆ ನಿಂತವನಿಗೆ, ಯಂತ್ರ ಬಯಸಿದ ದನಿಯಲ್ಲಿ ಹೆಸರು ಹೇಳಲಾರದ ಆ ಇಬ್ಬರ ಪಾಡು ಗೊತ್ತು. ಫಲಕ ತೋರಿಸಿ ಮೆಟ್ಟಿಲು ಹತ್ತಿಸುವವರೂ ಅಲ್ಲಲ್ಲಿ ಸಿಗುತ್ತಾರೆ. ಮೆಟ್ಟಿಲಿನಿಂದಲೂ ತಲುಪಬಹುದು, ತುಸು ತಡವಾಗಿ.

ಇಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟು ಇಡೀ ಸಂಚಿಕೆಯನ್ನೇ ಗಡಿನಾಡ ಕನ್ನಡದ ರೂಪಕವಾಗಿ ಓದಿಬಿಡುವ ಆಸೆ ಸಹಜ. 1956ರ ನವೆಂಬರ್ 1ರಂದು ಮಲಗೆದ್ದ ಊರು, ಬೆಳಗಾದಾಗ ದನಿಯಿಲ್ಲ, ಕದ್ದವರು ಕಪ್ಪು ಕೋಟಿನ ಮಹನೀಯರು. ವೇದಿಕೆಯ ಭಾಷಣಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ; ಓದಿಗೆ ಒಪ್ಪುವುದಿಲ್ಲ. ಸನ್ನಿಡೇಲಿನಲ್ಲಿ ಎಲ್ಲರ ದನಿಯೂ ಒಟ್ಟಿಗೆ ಹೋಯಿತು, ಬಲ್ಲಿದನದೂ ಬಡವನದೂ. ಚಂದ್ರಗಿರಿಯ ಆಚೀಚಿನ ಕನ್ನಡಿಗನ ಗಂಟಲನ್ನು ಹಾಗೆ ಯಾರೂ ಒಯ್ದಿಲ್ಲ. ಅವನ ದನಿ ಅವನಲ್ಲಿಯೇ ಇದೆ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಕೊಂಕಣಿಯೋ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ದನಿಗಳ ಬಡತನ ಅವನಿಗಿಲ್ಲ. ಹೋಲಿಕೆ ಎಲ್ಲಿ ನಿಜವಾಗಿ ತಾಗುತ್ತದೆಯೆಂದರೆ ಕೊರಳಿಗೆ ನೇತುಬಿದ್ದ ಆ ಹಲಗೆಯಲ್ಲಿ. ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡವನು ಮೂರು ವರ್ಷ ಕನ್ನಡದಲ್ಲಿ ಬರೆಯುತ್ತಾನೆ: ಟಿಪ್ಪಣಿ, ನಿಯೋಜಿತ ಕಾರ್ಯ, ಉತ್ತರಪತ್ರಿಕೆ. ಓದುವವರು ಆಗಲೇ ಇತ್ತ ತಿರುಗಿ ಕುಳಿತ ಪರೀಕ್ಷಕರು. ತರಗತಿಯಿಂದ ಹೊರಬಂದು ಬಸ್ಸು ಹತ್ತುವ ಹೊತ್ತಿಗೆ ಹಲಗೆ ಚೀಲದೊಳಗೆ ಹೋಗಿರುತ್ತದೆ. ತನ್ನತ್ತ ನೋಡದವನನ್ನು ಅದೇ ಭಾಷೆಯಲ್ಲಿ ಕರೆಯಬೇಕಾದ ಸಂದರ್ಭ ಅವನಿಗೆ ಎಷ್ಟು ಸಲ ಬರುತ್ತದೆ, ಬಂದಾಗ ಎಷ್ಟು ಸಲ ಕರೆಯುತ್ತಾನೆ? ಅಂಗಡಿಯವನು ಕನ್ನಡ ಬಲ್ಲವನೆಂದು ತಿಳಿದಿದ್ದರೂ ಇಬ್ಬರೂ ಮೂರನೆಯ ಭಾಷೆಯಲ್ಲಿ ವ್ಯವಹಾರ ಮುಗಿಸುವುದು ದಿನನಿತ್ಯದ ನೋಟ. ಇದನ್ನು ಪಿಶಾಚಿಗಳ ಮೇಲೆ ಹೊರಿಸಲಾಗದು.

ಹಲಗೆಯಿಂದ ಮಹನೀಯರು ಸಾಯಲಿಲ್ಲ ಎಂಬುದನ್ನೂ ನೆನಪಿಡಬೇಕು. ಜೈಲ್ಸ್‌ನ ಉಪನ್ಯಾಸದ ನಡುವೆ ಧ್ವನಿಮುದ್ರಿಕೆಯನ್ನು ಹಾಕಿದರೆ ಸಾಲದೇ ಎಂಬ ಸೂಚನೆ ಬರುತ್ತದೆ. ಸಾಲದು, ಜೀವಂತ ಮನುಷ್ಯನ ದನಿಯೇ ಬೇಕು. ಗೋಪುರದ ಕಾಳಗದಲ್ಲಿ ಬಫಿ ಮತ್ತು ರೈಲಿ ಅನಿರೀಕ್ಷಿತವಾಗಿ ಎದುರಾಗುತ್ತಾರೆ, ಆಯುಧ ಹಿಡಿದ ಒಬ್ಬರನ್ನೊಬ್ಬರು ಕಂಡು ಬೆರಗಾಗುತ್ತಾರೆ. ಇಬ್ಬರ ಗುಟ್ಟೂ ಒಂದೇ ನೋಟಕ್ಕೆ ಬಯಲು. ಸೇವಕರ ಹಿಡಿತದಲ್ಲಿ ಸಿಕ್ಕಿದ ಬಫಿಗೆ ಕನಸಿನಲ್ಲಿ ಕಂಡ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ, ಅದನ್ನು ಒಡೆ ಎಂದು ರೈಲಿಗೆ ಸನ್ನೆ ಮಾಡುತ್ತಾಳೆ. ಅವನು ಉತ್ಸಾಹದಿಂದ ಪಕ್ಕದಲ್ಲಿದ್ದ ಬೇರೊಂದು ವಸ್ತುವನ್ನು ಪುಡಿಮಾಡಿ ಹೆಮ್ಮೆಯಿಂದ ತಿರುಗಿ ನೋಡುತ್ತಾನೆ! ಸನ್ನೆಯ ಮಹಿಮೆಯನ್ನು ಅದುವರೆಗೆ ಹಾಡಿದ ಲೇಖಕ ಇಲ್ಲಿ ತನ್ನ ಸೂತ್ರವನ್ನು ತಾನೇ ಗೇಲಿ ಮಾಡಿದ್ದಾನೆ. ಅವಳು ಕಣ್ಣು ಕೆಕ್ಕರಿಸಿ ಮತ್ತೆ ತೋರಿಸುತ್ತಾಳೆ. ಪೆಟ್ಟಿಗೆ ಒಡೆಯುತ್ತದೆ. ಹಬೆ ಮರಳಿ ಕಂಠಗಳಿಗೆ ಸೇರುತ್ತದೆ. ಬಫಿ ಬಾಯಿ ತೆರೆದು ಚೀರುತ್ತಾಳೆ. ಅದೊಂದು ಪದವಲ್ಲ, ಅದರಲ್ಲಿ ವ್ಯಾಕರಣವಿಲ್ಲ, ಶಬ್ದಕೋಶದಲ್ಲಿ ಅದಕ್ಕೆ ಅರ್ಥ ಸಿಗದು. ಭಾಷೆಗಿಂತ ಹಿಂದಿನದು, ಭಾಷೆಯೆಲ್ಲ ಯಾವುದರ ಮೇಲೆ ನಿಂತಿದೆಯೋ ಆ ಮೂಲದ ಕೂಗು. ಮಹನೀಯರ ತಲೆಗಳು ಸಿಡಿಯುತ್ತವೆ.

ಸಾಧಾರಣ ಲೇಖಕನಾಗಿದ್ದರೆ ಅಲ್ಲಿಗೆ ತೆರೆ ಎಳೆಯುತ್ತಿದ್ದ. ವೀಡನ್ ಇನ್ನೊಂದು ದೃಶ್ಯವನ್ನು ಬರೆದ. ಮರುದಿನ ಊರಿನವರೆಲ್ಲ ಮಾತನಾಡುತ್ತಿದ್ದಾರೆ. ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬಫಿ ಒಂದು ಹಾಸಿಗೆಯ ಮೇಲೆ, ರೈಲಿ ಇನ್ನೊಂದರ ಮೇಲೆ, ಎದುರುಬದುರಾಗಿ ಕುಳಿತಿದ್ದಾರೆ. ಮುಚ್ಚಿಡಲು ಈಗ ಗುಟ್ಟು ಉಳಿದಿಲ್ಲ. ಮಾತಾಡಬೇಕಾದ ವಿಷಯ ಬೆಟ್ಟದಷ್ಟಿದೆ. ಮಾತಾಡಬೇಕು ಎಂದು ಅವನು ಹೇಳುತ್ತಾನೆ, ಹೌದು ಎಂದು ಅವಳೂ ಒಪ್ಪುತ್ತಾಳೆ. ಆಮೇಲೆ ಇಬ್ಬರೂ ಸುಮ್ಮನೆ ಕುಳಿತೇ ಇರುತ್ತಾರೆ, ಕೈ ಮಡಿಲಲ್ಲಿ ಇಟ್ಟುಕೊಂಡು, ಮೊದಲು ಯಾರು ಬಾಯಿ ತೆರೆಯುವುದೆಂದು ತಿಳಿಯದೆ. ಪರದೆ ಕಪ್ಪಾಗುವವರೆಗೂ.